ವಯಸ್ಸು ತಿದ್ದದ ನರ್ಸಬಾಯಿ

ನಮ್ಮೂರ ನರ್ಸಬಾಯಿಯ ಕೈಗಳಿಗೆ ಎರಡು ಬಣ್ಣವಿತ್ತು. ಬೆರಳ ತುದಿಯಿಂದ ಮೊಣಕೈವರೆಗೆ ಬಿಸಿಲಿಗೆ ಸುಟ್ಟು ಹಂಚಿನ ಹಾಗೆ ಕಪ್ಪು. ಕುಪ್ಪಸದ ತೋಳು ಮೇಲೆ ಸರಿದಾಗ ಕಾಣುವ ಚರ್ಮ ಮಾತ್ರ ಗೋದಿಹಿಟ್ಟಿನ ಬಿಳುಪು. ವರ್ಷಾನುಗಟ್ಟಲೆ ಸ್ಕೂಟರಿನ ಹಿಡಿಕೆ ಹಿಡಿದು, ಕಬ್ಬಿನ ಹೊಲಗಳ ನಡುವಿನ ದಾರಿಯಲ್ಲಿ ಓಡಾಡಿ ಬಂದ ಬಣ್ಣ ಅದು. ಸೂಜಿ ಚುಚ್ಚುವಾಗ ಆ ಕಪ್ಪು ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಮಕ್ಕಳು ಅಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು.

ಅವರು ಕೊಗನೊಳ್ಳಿಯ ಕಡೆಯವರು, ಮನೆಮಾತು ಮರಾಠಿ. ರಾಯಬಾಗ ತಾಲ್ಲೂಕಿನ ನಮ್ಮೂರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಸಿಟ್ಟು ಮಾತ್ರ ಮರಾಠಿಯಲ್ಲೇ ಬರುತ್ತಿತ್ತು. ಗಾಡಿ ಚಾಲೂ ಆಗದಿದ್ದರೆ ಅದಕ್ಕೆ ಮರಾಠಿಯಲ್ಲಿ ಬೈಯುತ್ತಿದ್ದರು. ಬಾಣಂತಿಯ ಪಕ್ಕ ಕುಳಿತಾಗ ಕನ್ನಡ. ಯಾವ ಮನೆಗೆ ಹೋದರೂ ಸೊಸೆ ಚಹಾ ತಂದರೆ ಮುಟ್ಟುತ್ತಿರಲಿಲ್ಲ. "ನೀ ಕುಂದರ ಪೋರಿ, ನಿನ್ನ ಕೂಡ ಮಾತಾಡಾಕ ಬಂದೀನಿ. ಅತ್ತಿ ಮಾಡ್ತಾಳ ಚಹಾ, ಆಕೀ ಕೈಯಾಗಿನ ಚಹಾ ಭಾರೀ ಇರತೈತಿ," ಎನ್ನುತ್ತಿದ್ದರು. ಹೊಗಳಿಸಿಕೊಂಡ ಅತ್ತೆ ಒಲೆಯ ಕಡೆ ಹೋಗುವುದು ಅನಿವಾರ್ಯ. ಅಷ್ಟರಲ್ಲಿ ಸೊಸೆಯ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಎಷ್ಟಿದೆ, ಊಟ ಎಷ್ಟು ಮಾಡುತ್ತಾಳೆ, ಹೊಡೆಯುತ್ತಾರೆಯೇ, ಎಲ್ಲವನ್ನೂ ಕೇಳಿ ಮುಗಿಸುತ್ತಿದ್ದರು. ಅವರ ಚೀಲದಲ್ಲಿ ಗುಳಿಗೆಗಳ ಜೊತೆಗೆ ಶೇಂಗಾ ಬೆಲ್ಲದ ಪೊಟ್ಟಣ ಯಾವಾಗಲೂ ಇರುತ್ತಿತ್ತು. ಕಂಡ ಹುಡುಗಿಯರ ಕೈಗೆಲ್ಲ ಒಂದು ಹಿಡಿ.

ನಾನು ಹದಿನಾರಕ್ಕೆ ಹಡೆದವಳು. ಈ ಮಾತನ್ನು ನಾನು ತಲೆ ತಗ್ಗಿಸಿ ಹೇಳಬೇಕೆಂದು ಬಹಳ ಜನ ಬಯಸುತ್ತಾರೆ. ತಗ್ಗಿಸುವುದಿಲ್ಲ. ತಗ್ಗಿಸಬೇಕಾದ ತಲೆಗಳು ಬೇರೆ ಇವೆ ಎಂದು ನರ್ಸಬಾಯಿ ನನಗೆ ಕಲಿಸಿದ್ದಾರೆ.

ನಾವು ಬಡವರಾಗಿರಲಿಲ್ಲ. ಅಪ್ಪನದು ನೀರಾವರಿ ಹೊಲ, ಪ್ರತಿ ವರ್ಷ ಕಬ್ಬು ಫ್ಯಾಕ್ಟರಿಗೆ ಹೋಗುತ್ತಿತ್ತು. ನಮ್ಮೂರಲ್ಲಿ ಏಳನೆಯ ಇಯತ್ತೆಯವರೆಗೆ ಶಾಲೆ. ಹೈಸ್ಕೂಲಿಗೆ ದಿಗ್ಗೇವಾಡಿಯ ದಾರಿಯಲ್ಲಿ ಐದಾರು ಕಿಲೋಮೀಟರ್ ಹೋಗಬೇಕು. ಮೊದಲು ಬೆಳಗಿನ ಬಸ್ಸು ಇತ್ತು. ರಸ್ತೆ ಕೆಟ್ಟ ಮೇಲೆ ಅದು ನಿಂತುಹೋಯಿತು. ಹಲವು ಹುಡುಗಿಯರು ಆಗಲೇ ಶಾಲೆ ಬಿಟ್ಟರು. ನಾನು ಹಟ ಮಾಡಿ ಸೈಕಲ್ ಕೊಡಿಸಿಕೊಂಡೆ.

ಒಂಬತ್ತನೆಯ ಇಯತ್ತೆಯಲ್ಲಿದ್ದಾಗ, ಕಬ್ಬು ಕಡಿಯುವ ಹಂಗಾಮಿನಲ್ಲಿ, ಟ್ರ್ಯಾಕ್ಟರ್ ಮೇಲೆ ಕುಳಿತ ಹುಡುಗನೊಬ್ಬ ನನ್ನ ಸೈಕಲ್ಲಿನ ಬುಟ್ಟಿಗೆ ಚೀಟಿ ಎಸೆದ. ಆ ಚೀಟಿಯನ್ನು ನಾನು ಓದಲೂ ಇಲ್ಲ, ಹೆದರಿ ಕಾಲುವೆಗೆ ಒಗೆದೆ. ಒಗೆಯುವುದನ್ನು ಕಂಡವರು ಯಾರೋ ಇದ್ದರು. ಸಂಜೆಯೊಳಗೆ ಚೀಟಿ ಪ್ರೇಮಪತ್ರವಾಯಿತು, ಮರುದಿನ ನಾನು ಓಡಿಹೋಗಲು ತಯಾರಾಗಿದ್ದೇನೆ ಎಂದಾಯಿತು. ಅಪ್ಪ ಸೈಕಲ್ಲನ್ನು ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿ ಬೀಗ ಹಾಕಿದ. ನನಗೆ ಏನಾಯಿತೆಂದು ಒಬ್ಬರೂ ಕೇಳಲಿಲ್ಲ.

ಎರಡು ಓಣಿ ಆಚೆ ನಮ್ಮ ಸೋದರತ್ತೆಯ ಮನೆ. ಅವಳ ಮಗನಿಗೆ ನಾನೇ ಎಂದು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತಂತೆ. ಅಜ್ಜಿ ಹಾಸಿಗೆ ಹಿಡಿದಿದ್ದಳು. "ನನ್ನ ಕಣ್ಣ ಮುಂದ ಅಕ್ಕಿಕಾಳ ಬಿದ್ದಬಿಡ್ಲಿ," ಎಂದು ಅಳುತ್ತಿದ್ದಳು. ಲಗ್ನಪತ್ರಿಕೆ ಅಚ್ಚು ಹಾಕಿಸಲಿಲ್ಲ. ಎರಡು ಗಾಡಿಗಳಲ್ಲಿ ಊರಿನ ಬೇಕಾದವರನ್ನು ತುಂಬಿಕೊಂಡು, ಗಡಿಯಾಚೆಯ ಒಂದು ಗುಡಿಗೆ ಹೋಗಿ, ಹೊತ್ತೇರುವ ಮೊದಲೇ ತಾಳಿ ಕಟ್ಟಿಸಿದರು. ಆ ವಾರ ನರ್ಸಬಾಯಿ ಟ್ರೇನಿಂಗಿಗೆಂದು ಊರಲ್ಲಿರಲಿಲ್ಲ. ಅದನ್ನು ನೋಡಿಯೇ ದಿನ ಗೊತ್ತು ಮಾಡಿದ್ದರು. ಅವರ ಕಣ್ಣಿಗೆ ಬೀಳಬಾರದೆಂದು ಲಗ್ನದ ನಂತರ ನಮ್ಮಿಬ್ಬರನ್ನೂ ಕಾಗವಾಡದ ಕಡೆಯ ಸಂಬಂಧಿಕರ ದ್ರಾಕ್ಷಿ ತೋಟಕ್ಕೆ ಕಳಿಸಿದರು. ಊರಲ್ಲಿ ಕೇಳಿದವರಿಗೆ, ಚಿಕ್ಕವ್ವನ ಮನೆಯಲ್ಲಿ ಇದ್ದು ಕಲಿಯುತ್ತಾಳೆ ಎಂದರು.

ನನ್ನ ಗಂಡನಿಗೆ ಆಗ ಇಪ್ಪತ್ತಮೂರು. ಅವರನ್ನೂ ಯಾರೂ ಏನನ್ನೂ ಕೇಳಿರಲಿಲ್ಲ. ಒರಟಲ್ಲದ, ಮಾತಿಲ್ಲದ ಮನುಷ್ಯ. ಅತ್ತೆ ಫೋನಿನಲ್ಲಿ ವಾರಕ್ಕೊಮ್ಮೆ ಕೇಳುತ್ತಿದ್ದಳು: "ಏನರ ವಿಶೇಷ ಐತೇನು?" ವಿಶೇಷ ಎಂದರೇನೆಂದೇ ನನಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಆ ಪಾಠ ಬಂದಾಗ ಮಾಸ್ತರರು ಪುಟ ಮಗುಚಿ, ಇದನ್ನು ಮನೆಯಲ್ಲಿ ಓದಿಕೊಳ್ಳಿರಿ ಎಂದಿದ್ದರು. ಮನೆಯಲ್ಲಿ ಆ ಪುಟ ತೆರೆದರೆ ಅವ್ವ ಹೊಡೆಯುತ್ತಿದ್ದಳು. ವಾಂತಿಯಾದಾಗ ನಾನು ಹಸಿ ದ್ರಾಕ್ಷಿ ತಿಂದದ್ದಕ್ಕೆ ಹಾಗಾಯಿತು ಎಂದುಕೊಂಡೆ.

ನಾಲ್ಕು ತಿಂಗಳಾದ ಮೇಲೆ ಊರಿಗೆ ಕರೆತಂದರು. ನರ್ಸಬಾಯಿ ಬಂದದ್ದು ಎರಡನೆಯ ದಿನ. ಬಾಗಿಲಲ್ಲಿ ನಿಂತು ನನ್ನ ಕೊರಳು ನೋಡಿದರು, ಹೊಟ್ಟೆ ನೋಡಿದರು. ಚೀಲ ಕೆಳಗಿಟ್ಟು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಆ ದಿನ ಅತ್ತೆಗೆ ಚಹಾ ಮಾಡು ಎನ್ನಲಿಲ್ಲ.

ತಾಯಿ ಕಾರ್ಡು ತೆಗೆದು ಹೆಸರು ಬರೆದರು. ಅತ್ತೆ ಪಕ್ಕ ಬಂದು ಸಣ್ಣ ದನಿಯಲ್ಲಿ, "ಬಾಯಾರ, ವಯಸ್ಸು ಹತ್ತೊಂಬತ್ತಂತ ಬರಕೋರಿ," ಎಂದಳು.

"ಈಕೀ ಹುಟ್ಟಿದಾಗ ಮೊದಲನೇ ಸೂಜಿ ಚುಚ್ಚಿದಾಕಿ ನಾನು. ನನಗ ಈಕೀ ವಯಸ್ಸು ಹೇಳ್ತೀರೇನು?"

"ಎಲ್ಲಾರೂ ಹಂಗ ಬರಸ್ತಾರ್ರಿ. ಮೂರ ವರ್ಷದ್ದೇನ ಮಹಾ?"

"ಗುಳಿಗಿ, ಸೂಜಿ, ದವಾಖಾನಿ, ಎಲ್ಲಾ ಈ ವಯಸ್ಸಿನ ಮ್ಯಾಲೆ ಐತಿ ಅಕ್ಕಾ. ಸುಳ್ಳ ಬರದ್ರ ಆ ಸುಳ್ಳಿಗೆ ಔಷಧ ಕೊಟ್ಟಂಗ ಆತು, ಈ ಹುಡುಗಿಗಲ್ಲ." ಪೆನ್ನು ಒತ್ತಿ ಹದಿನಾರು ಎಂದು ಬರೆದರು. ಬರೆದ ಮೇಲೆ ಅತ್ತೆಯ ಮುಖ ನೋಡಿ ನಿಧಾನವಾಗಿ ಹೇಳಿದರು: "ಎಳೇ ಕಬ್ಬ ಕಡದ್ರ ಫ್ಯಾಕ್ಟರಿಯವ್ರು ತಗೊಳ್ಳಾಂಗಿಲ್ಲ ಅಂತ ಹನ್ನೆರಡ ತಿಂಗಳ ಕಾಯ್ತೀರಿ. ಕಬ್ಬಿಗಿ ಕೊಟ್ಟ ಮರ್ಯಾದಿ ಈ ಪೋರಿಗೆ ಕೊಡಲಿಲ್ಲ ನೀವು."

ಅಷ್ಟಕ್ಕೇ ನಿಲ್ಲಲಿಲ್ಲ. ನನ್ನ ಲಗ್ನದ ವಿಷಯವನ್ನು ಪೊಲೀಸರಿಗೆ ಬರೆದು ಕಳಿಸಿದರು. ಕಾನೂನು ಹಾಗಿತ್ತು. ಕಳಿಸುವ ಮೊದಲು ಮನೆಗೆ ಬಂದು, ಅಪ್ಪ, ಮಾವ, ಗಂಡ ಮೂವರನ್ನೂ ಕೂರಿಸಿ, ಇಂದು ಕಳಿಸುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿದರು. ಬೆನ್ನ ಹಿಂದೆ ಮಾಡುವ ಹೆಂಗಸಲ್ಲ ಅವರು. ಅಪ್ಪ ಕೈಮುಗಿದ, ಮಾವ ಬೈದ. ಅವರು ಎರಡನ್ನೂ ನಿಂತು ಕೇಳಿಸಿಕೊಂಡು ಹೋದರು.

ಪೊಲೀಸರು ಬಂದರು. ನನ್ನ ಗಂಡ ಕೆಲವು ವಾರ ಜೈಲಿನಲ್ಲಿದ್ದರು. ಅಪ್ಪ, ಮಾವ ಜಾಮೀನಿಗಾಗಿ ಅಲೆದರು. ಮಕ್ಕಳ ರಕ್ಷಣೆಯ ಇಲಾಖೆಯವರು ಬಂದು ನನ್ನನ್ನು ಏನೇನೋ ಕೇಳಿದರು. ನಾನು ಗೋಡೆ ನೋಡುತ್ತಾ ಕುಳಿತೆ. ಆ ದಿನಗಳಲ್ಲಿ ನಾನು ಲೋಕದಲ್ಲಿ ಯಾರನ್ನಾದರೂ ದ್ವೇಷಿಸಿದ್ದರೆ ಅದು ನರ್ಸಬಾಯಿಯನ್ನು. ಚೀಟಿ ಎಸೆದವನನ್ನಲ್ಲ, ಸೈಕಲ್ಲಿಗೆ ಬೀಗ ಹಾಕಿದವನನ್ನಲ್ಲ, ಪುಟ ಮಗುಚಿದವರನ್ನೂ ಅಲ್ಲ. ನನ್ನ ನಿಜವಾದ ವಯಸ್ಸನ್ನು ಬರೆದವರನ್ನು.

ನಮ್ಮ ಮನೆಯ ಬಾಗಿಲು ಅವರಿಗೆ ಮುಚ್ಚಿತು. ಆದರೂ ಪ್ರತಿ ಮಂಗಳವಾರ ಬರುತ್ತಿದ್ದರು. ಅಂಗಳದಲ್ಲಿ ನಿಂತು ಕೂಗುತ್ತಿದ್ದರು: "ಒಳಗ ಕರೀಬ್ಯಾಡ್ರಿ, ನೀರೂ ಕೊಡಬ್ಯಾಡ್ರಿ. ಆಕೀ ಕಾಲ ಅಷ್ಟ ಕಟ್ಟಿ ಮ್ಯಾಲೆ ಇಡಸ್ರಿ, ನೋಡಿ ಹೋಗ್ತೀನಿ." ನಾನು ಮುಖ ತಿರುಗಿಸಿ ಕಾಲು ಚಾಚುತ್ತಿದ್ದೆ. ಅವರು ಹೆಬ್ಬೆರಳಿನಿಂದ ಪಾದ ಒತ್ತಿ, ಬಾವು ಎಷ್ಟಿದೆ ಎಂದು ನೋಡಿ, ಬಿಪಿ ಪಟ್ಟಿ ಸುತ್ತಿ, ಗುಳಿಗೆ ಇಟ್ಟು ಹೋಗುತ್ತಿದ್ದರು. "ತಲಿ ಭಾಳ ನೋಯಾಕತ್ರ, ಕಣ್ಣ ಮುಂದ ಮಂಜ ಬಂದ್ರ ಒದರು. ನನ್ನ ಮ್ಯಾಲಿನ ಸಿಟ್ಟಿಗೆ ಸುಮ್ನ ಕುಂದರಬ್ಯಾಡ. ಸಿಟ್ಟು ಆಮ್ಯಾಲ ಮಾಡೂಣಂತ, ಮೊದಲ ಉಳಿ."

ಎಂಟನೆಯ ತಿಂಗಳಲ್ಲಿ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದಾಗ ನನ್ನ ಕಣ್ಣಿಗೆ ಒಲೆಯ ಬೆಂಕಿ ಎರಡಾಗಿ ಕಂಡಿತು. ತಲೆ ಸಿಡಿಯುತ್ತಿತ್ತು. ಆಸ್ಪತ್ರೆಗೆ ಹೋದರೆ ಕೇಸು ಮತ್ತೆ ಬಲವಾಗುತ್ತದೆಂದು, ಗಡಿಯಾಚೆಯ ಸೂಲಗಿತ್ತಿಯ ಹತ್ತಿರ ಕರೆದೊಯ್ಯುವ ಮಾತು ಮನೆಯಲ್ಲಿ ನಡೆದಿತ್ತು. ನಾನು ಒದರಲಿಲ್ಲ. ಮೈ ಸೆಟೆದು ಬಿದ್ದೆ. ಮುಂದಿನದು ಅತ್ತೆ ಹೇಳಿದ್ದು. ಅವಳೇ ತಲೆಯ ಮೇಲಿನ ಸೆರಗು ಜಾರಿದ್ದೂ ಗೊತ್ತಿಲ್ಲದೆ, ಬರಿಗಾಲಲ್ಲಿ ಉಪಕೇಂದ್ರಕ್ಕೆ ಓಡಿದಳಂತೆ. ನರ್ಸಬಾಯಿ ಅವಳ ಹಿಂದೆಯೇ ಓಡಿ ಬಂದರಂತೆ. ಆಂಬುಲೆನ್ಸಿಗೆ ಫೋನು ಹಚ್ಚಿ, ನನ್ನನ್ನು ಎಡಮಗ್ಗುಲಿಗೆ ಮಲಗಿಸಿ, ನಾಲಿಗೆ ಕಚ್ಚದಂತೆ ನೋಡಿಕೊಂಡು, ಚಿಕ್ಕೋಡಿಯವರೆಗೆ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದರಂತೆ. ಅಲ್ಲಿ ಡಾಕ್ಟರರು ವಯಸ್ಸು ಕೇಳಿದಾಗ ಅತ್ತೆ ತಾನೇ ಮುಂದೆ ಬಂದು ಹೇಳಿದಳಂತೆ: "ಹದಿನಾರ್ರಿ ಸಾಹೇಬರ. ಹದಿನಾರ."

ಹೊಟ್ಟೆ ಕೊಯ್ದು ಮಗಳನ್ನು ತೆಗೆದರು. ಒಂದೂವರೆ ಕಿಲೋ ಇದ್ದಳು. ನನಗೆ ಎಚ್ಚರವಾದಾಗ ನರ್ಸಬಾಯಿ ಮಂಚದ ಪಕ್ಕ ಪೇಪರ್ ಓದುತ್ತಾ ಕುಳಿತಿದ್ದರು. ನನ್ನ ಕಣ್ಣು ತೆರೆದದ್ದು ನೋಡಿ ಪೇಪರ್ ಮಡಚಿದರು. "ಅಗ ಪೋರಿ, ಉಳಿದಿ. ಈಗ ಬೇಕಾದಷ್ಟು ಸಿಟ್ಟ ಮಾಡ ನನ್ನ ಮ್ಯಾಲೆ."

ನಾನು ಮಾಡಲಿಲ್ಲ. ಅತ್ತುಬಿಟ್ಟೆ.

ಮಗಳಿಗೆ ಮೂರು ತಿಂಗಳಾದಾಗ ಗ್ರಾಮಸಭೆ ಕರೆದರು. ವಿಷಯ ನರ್ಸಬಾಯಿಯ ವರ್ಗಾವಣೆ. ಊರಿನ ಹೆಸರು ಕೆಡಿಸಿದಳು, ಸಂಸಾರ ಒಡೆದಳು ಎಂಬ ಅರ್ಜಿಗೆ ಸಹಿ ಹಾಕಿಸಬೇಕಾಗಿತ್ತು. ಬೇವಿನ ಗಿಡದ ಕೆಳಗೆ ಗಂಡಸರು ಕುರ್ಚಿಗಳ ಮೇಲೆ, ಹಿಂದಿನ ಕಟ್ಟೆಯಲ್ಲಿ ನಾವು ಹೆಂಗಸರು. ನಾನು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿದ್ದೆ. ಹೋಗಬೇಡ ಎಂದ ಮಾವನಿಗೆ ಅತ್ತೆಯೇ, "ಹೋಗ್ಲಿ ಬಿಡ್ರಿ, ಆಕೀ ಸಲುವಾಗೆ ಐತೆಲ್ಲ ಅದು," ಎಂದಿದ್ದಳು.

ಊರ ಹಿರಿಯರೊಬ್ಬರು ಎದ್ದು ಮಾತು ತೆಗೆದರು. "ಬಾಯಾರ, ಕಾಲಮಾನ ಕೆಟ್ಟೈತಿ. ಹುಡುಗ್ಯಾರು ಮೊಬೈಲ್ ನೋಡಿ ದಾರಿ ತಪ್ಪಾಕತ್ತಾರ. ಅದಕ್ಕ ನಾವು ಲಗೂ ಲಗ್ನಾ ಮಾಡ್ತೇವಿ. ಹೆಣ್ಣಮಕ್ಕಳ ಮಾನಾ ಕಾಯೂದು ತಪ್ಪೇನ್ರಿ?"

ನರ್ಸಬಾಯಿ ಎದ್ದು ನಿಂತರು. ಮೊದಲು ಮರಾಠಿಯಲ್ಲಿ ಏನೋ ಗೊಣಗಿ, ಆಮೇಲೆ ಕನ್ನಡಕ್ಕೆ ಬಂದರು.

"ಆಕೀ ಕೈಯಾಗ ಮೊಬೈಲ್ ಇರಲಿಲ್ರಿ ಅಜ್ಜಾರ, ಸೈಕಲ್ ಇತ್ತು. ಸೈಕಲ್ ಯಾಕ ಇತ್ತು? ಬಸ್ ನಿಂತಿತ್ತು. ಬಸ್ ನಿಂತಾಗ ಇಲ್ಲಿ ಕುಂತವ್ರೊಳಗ ಒಬ್ರರ ಹೋಗಿ ಕೇಳೀರೇನು? ಕಬ್ಬಿನ ಗಾಡಿ ಎರಡ ದಿನಾ ತಡಾ ಆದ್ರ ರಸ್ತೆದಾಗ ಅಡ್ಡ ಮಲಗ್ತೀರಿ. ಸಾಲೀ ಹುಡುಗ್ಯಾರ ಬಸ್ಸಿಗೆ ಯಾರೂ ಮಲಗಲಿಲ್ಲ." ಯಾರೋ ಕೂತುಕೊಳ್ಳಿರಿ ಎಂದು ಕೂಗಿದರು. ಅವರು ಕೂರಲಿಲ್ಲ. "ಸಾಲ್ಯಾಗ ಹುಡುಗ್ಯಾರ ಸಂಡಾಸಕ್ಕ ಬಾಗಲಾ ಇಲ್ಲ. ತಿಂಗಳಾ ನಾಕ ದಿನಾ ಮನ್ಯಾಗ ಕುಂದರ್ತಾರ, ಒಂದ ದಿನಾ ಕಾಯಂ ಕುಂತಬಿಡ್ತಾರ. ಮಾಸ್ತರ್ರು ಪಾಠಾ ಹಾರಿಸಿದ್ರು. ಅವ್ವ ಬಾಯಿ ಬಿಡಲಿಲ್ಲ. ಮೈ ಒಳಗ ಏನಾಗತೈತಿ ಅಂತ ಆಕಿಗಿ ಹೇಳಿದವ್ರ ಇಲ್ಲ, ವರ್ಷದಾಗ ತೊಟ್ಟಲಾ ಕಟ್ಟಂತ ಹೇಳಿದವ್ರ ಓಣಿ ತುಂಬ. ಚೀಟಿ ಒಗದವ್ನ ಹೆಸರ ಯಾರಿಗಾದ್ರೂ ನೆನಪೈತೇನು? ಇಲ್ಲ. ಈಕೀ ಹೆಸರ ಎಲ್ಲಾರ ಬಾಯಾಗ. ಗಾಡಿ ಬಾಡಿಗಿ ಬಿಟ್ಟವ್ರು, ಅಡಗಿ ಮಾಡಿದವ್ರು, ಅಕ್ಕಿಕಾಳ ಒಗದವ್ರು ಎಲ್ಲಾ ಇಲ್ಲೇ ಅದೀರಿ. ಮಾನಾ ಕಾದೇವಿ ಅಂತೀರಿ. ಆಕೀ ಜೀವಾ ಕಾಯಾಕ ಯಾರ ಬಂದ್ರಿ?"

ಸಭೆ ಗದ್ದಲವಾಯಿತು. ಅದರ ಮೇಲೆಯೇ ಅವರ ದನಿ ಕೇಳಿತು.

"ಆ ಪೋರಿ ಒಬ್ಬಾಕೀನ ಬಸರಾಗಿಲ್ರಿ. ಇಡೀ ಊರ ಕೂಡಿ ಮಾಡಿದ್ದದು. ಸಹಿ ಮಾಡ್ರಿ ಈಗ, ಎಲ್ಲಿ ಬೇಕಾದಲ್ಲಿ ಮಾಡ್ರಿ."

ಅಂಥ ಮಾತನ್ನು ಒಬ್ಬ ಹೆಂಗಸು ಬಹಿರಂಗವಾಗಿ ಆಡಿದ್ದನ್ನು ನಮ್ಮೂರು ಅದೇ ಮೊದಲು ಕೇಳಿದ್ದು. ಹಿರಿಯರು ಟೊಪ್ಪಿಗೆ ಸರಿಮಾಡಿಕೊಂಡು ಎದ್ದುಹೋದರು. ನನ್ನ ಪಕ್ಕದಲ್ಲಿದ್ದ ಹೆಂಗಸರಲ್ಲಿ ಯಾರೋ ನಕ್ಕರು, ಯಾರೋ ಮೂಗು ಒರೆಸಿಕೊಂಡರು. ನಾನು ಆ ದಿನ ಮೊದಲ ಸಲ ಸೆರಗು ಸರಿಸಿ, ಎಲ್ಲರಿಗೂ ಕಾಣುವಂತೆ ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಅಲ್ಲಿಯವರೆಗೆ ಅದು ನಾನು ಮಾಡಿದ ತಪ್ಪು ಎಂದೇ ತಿಳಿದಿದ್ದೆ. ಅಷ್ಟು ಜನರ ಪಾಲಿರುವ ತಪ್ಪನ್ನು ನಾನೊಬ್ಬಳೇ ಯಾಕೆ ಹೊರಬೇಕು?

ಅರ್ಜಿ ಹೋಯಿತು, ವರ್ಗಾವಣೆಯೂ ಆಯಿತು. ಅಥಣಿ ತಾಲ್ಲೂಕಿನ ಒಂದು ಮೂಲೆಯ ಊರು. ಹೋಗುವ ಮೊದಲು ನರ್ಸಬಾಯಿ ಏಳೆಂಟು ತಾಯಂದಿರನ್ನು ಟೆಂಪೊದಲ್ಲಿ ತುಂಬಿಕೊಂಡು ಡಿಪೊಕ್ಕೆ ಹೋಗಿ, ಬೆಳಗಿನ ಬಸ್ಸು ಬರುವವರೆಗೆ ಏಳುವುದಿಲ್ಲ ಎಂದು ಮ್ಯಾನೇಜರರ ಕೋಣೆಯ ಮುಂದೆ ಕುಳಿತರು. ಆ ಗುಂಪಿನಲ್ಲಿ ನನ್ನ ಅವ್ವನೂ ಇದ್ದಳು. ರಸ್ತೆಯ ಗುಂಡಿ ಮುಚ್ಚಿದ ಮೇಲೆ ಬಸ್ಸು ಬಂತು. ಆ ವರ್ಷ ನಮ್ಮೂರಲ್ಲಿ ಗುಟ್ಟಾಗಿ ಗೊತ್ತಾಗಿದ್ದ ಎರಡು ಲಗ್ನಗಳು ನಿಂತವು. ಒಂದು ಕೇಸಿನ ಹೆದರಿಕೆಗೆ. ಇನ್ನೊಂದು, ಹುಡುಗಿಯೇ ಬಸ್ಸು ಹತ್ತಿ ಹೋಗಿ ಹೆಡ್ ಮಾಸ್ತರರಿಗೆ ಹೇಳಿದ್ದಕ್ಕೆ.

ನನ್ನ ಹತ್ತನೆಯ ಇಯತ್ತೆಯ ಫಾರಂ ತುಂಬಿಸಿದವರೂ ಅವರೇ. ಖಾಸಗಿಯಾಗಿ ಪರೀಕ್ಷೆ, ಕೇಂದ್ರ ರಾಯಬಾಗ. ಪ್ರತಿ ವಿಷಯದ ದಿನವೂ ರಜೆ ಹಾಕಿ ಅಥಣಿಯ ಕಡೆಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ನಾನು ಕೂಸಿಗೆ ಹಾಲು ಕುಡಿಸಿ ಅವರ ಕೈಗೆ ಕೊಟ್ಟು ಒಳಗೆ ಹೋಗುತ್ತಿದ್ದೆ. ಮೊದಲ ದಿನ ಬಾಗಿಲಲ್ಲಿದ್ದವರೊಬ್ಬರು, "ಕೂಸಿನ್ನ ತಂದೀರಿ, ಇದೇನ ದವಾಖಾನಿ ಏನ್ರಿ?" ಎಂದು ತಡೆದರು.

"ಅಲ್ರಿ ಸರ್, ಪರೀಕ್ಷಾ ಕೇಂದ್ರ. ಆಕಿ ಪರೀಕ್ಷಾ ಬರೀತಾಳ. ಕೂಸಿಂದು ನನಗ ಬಿಡ್ರಿ, ನಿಮ್ಮ ಕೆಲಸಾ ನೀವ ಮಾಡ್ರಿ."

ಗಣಿತದ ದಿನ ಹೊರಗಿನ ಹುಣಸೆಮರದ ಕಡೆಯಿಂದ ಮಗಳ ಅಳು ಕೇಳಿತು. ನನ್ನ ಕುಪ್ಪಸ ಹಾಲಿಗೆ ನೆನೆಯಿತು. ಎದ್ದುಬಿಡಲೇ ಎನಿಸಿತು. ಕಿಟಕಿಯಲ್ಲಿ ನೋಡಿದರೆ ನರ್ಸಬಾಯಿ ಕೂಸನ್ನು ಹೆಗಲಿಗೆ ಹಾಕಿಕೊಂಡು, ಬಿಸಿಲಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತಾ, ನನ್ನತ್ತ ಕೈ ಬೀಸಿ ಬರೆ ಬರೆ ಎಂದು ಸನ್ನೆ ಮಾಡುತ್ತಿದ್ದರು. ಬರೆದೆ. ಪಾಸಾದೆ. ಅಂಕ ಹೇಳುವಂಥವೇನಲ್ಲ.

ಆ ಗಣಿತ ಪರೀಕ್ಷೆಯ ದಿನವೇ ಬಸ್ ಸ್ಟ್ಯಾಂಡಿನಲ್ಲಿ ಕುಳಿತಾಗ ಧೈರ್ಯ ಮಾಡಿ ಕೇಳಿದೆ. "ಬಾಯಾರ, ನಿಮಗ ಇಷ್ಟ ಸಿಟ್ಟ ಯಾಕ್ರಿ? ನಿಮ್ಮ ತಂಗಿಗೋ ಯಾರಿಗೋ ಏನರ ಆಗಿತ್ತೇನ್ರಿ?" ಊರಿನಲ್ಲಿ ಅಂಥ ಕಥೆಗಳು ಬೇಕಾದಷ್ಟು ಇದ್ದವು.

ಅವರು ಶೇಂಗಾದ ಸಿಪ್ಪೆ ಊದುತ್ತಾ ನನ್ನನ್ನು ನೋಡಿದರು. "ಏನೂ ಆಗಿಲ್ಲ. ನನ್ನ ಲಗ್ನ ಇಪ್ಪತ್ತನಾಕಕ್ಕ ಆತು. ತಂಗಿ ಬಿ.ಎ. ಕಲತಾಳ. ಯಾಕ, ಮನ್ಯಾಗ ಹೆಣಾ ಬಿದ್ದಮ್ಯಾಲೇ ಸಿಟ್ಟ ಬರಬೇಕೇನು ಮನಷ್ಯಾಗ?" ಮಗಳ ಟೊಪ್ಪಿಗೆ ಸರಿಮಾಡುತ್ತಾ ಹೇಳಿದರು: "ಆ ಕಾಗದಾ ಕಳಿಸಿದ ಮ್ಯಾಲೆ ನಾಕ ದಿನಾ ನನಗೂ ಅನ್ನ ಇಳೀಲಿಲ್ಲ. ನಿನ್ನ ಗಂಡ ಕೆಟ್ಟಾಂವಲ್ಲ, ಗೊತ್ತೈತಿ. ಖರೇ, ಒಳ್ಳ್ಯಾವ್ರಂತ ಒಬ್ಬೊಬ್ಬರನ್ನ ಬಿಟ್ಕೋತ ಹ್ವಾದ್ರ ಹುಡುಗ್ಯಾರು ಉಳ್ಯಾಂಗಿಲ್ಲ."

ಇವತ್ತು ನಾನು ಚಿಕ್ಕೋಡಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತೇನೆ. ಕೇಸು ಬಹಳ ವರ್ಷ ಎಳೆದು ಮುಗಿಯಿತು. ಗಂಡ, ನಾನು ಒಟ್ಟಿಗೇ ಇದ್ದೇವೆ. ಎರಡನೆಯ ಮಗು ಬೇಡವೆಂದು ನಾನು ಹೇಳಿದೆ, ಅವರು ಒಪ್ಪಿದರು. ನಮ್ಮ ಮನೆಯಲ್ಲಿ ಒಬ್ಬರನ್ನೊಬ್ಬರು ಕೇಳುವುದು ಅಲ್ಲಿಂದ ಶುರುವಾಯಿತು. ಆದರೆ ನರ್ಸಬಾಯಿಯ ಹೆಸರನ್ನು ಅವರು ಎಂದೂ ಎತ್ತುತ್ತಿರಲಿಲ್ಲ. ಜೈಲಿನ ವಾರಗಳನ್ನು ಮರೆಯಲು ನಾನೂ ಹೇಳಲಿಲ್ಲ.

ನಿವೃತ್ತಿಯ ಮರುವರ್ಷ ನರ್ಸಬಾಯಿ ಎದೆನೋವು ಬಂದು, ನಿಪ್ಪಾಣಿಯ ಆಸ್ಪತ್ರೆಯಲ್ಲಿ ಎರಡು ದಿನವಿದ್ದು ತೀರಿಕೊಂಡರು. ಸುದ್ದಿ ಬಂದಾಗ ನಾನು ಲ್ಯಾಬಿನಿಂದ ಹೊರಗೆ ಬಂದು ಬಸ್ಸು ಹುಡುಕುತ್ತಿದ್ದೆ. ಗಂಡ ಮೋಟಾರ್ ಸೈಕಲ್ ತಂದು ಮುಂದೆ ನಿಲ್ಲಿಸಿದರು. "ಹತ್ತು," ಎಂದರು, ಅಷ್ಟೇ. ಅವರ ಊರಾದ ಕೊಗನೊಳ್ಳಿಗೆ ಹೋದೆವು.

ಮನೆಯ ಮುಂದೆ ಬಹಳ ಜನ. ಬಾಗಿಲಲ್ಲಿ ಅವರ ಅಣ್ಣ ನಿಂತಿದ್ದರು, ಮುಖದಲ್ಲಿ ಅದೇ ಚಹರೆ. ನಮ್ಮನ್ನು ಕಂಡು ಮರಾಠಿಯಲ್ಲಿ ಕೇಳಿ, ಆಮೇಲೆ ಕನ್ನಡದಲ್ಲಿ ಕೇಳಿದರು: "ನೀವು ಯಾರ್ರಿ? ಏನಾಗಬೇಕು ನಿಮಗ?"

ಉತ್ತರ ಕೊಟ್ಟವರು ನನ್ನ ಗಂಡ. ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ಹೇಳಿದರು: "ಸಂಬಂಧ ಏನಿಲ್ರಿ. ಬಾಯಾರು ನಮ್ಮ ಮ್ಯಾಲೆ ಕೇಸ್ ಹಾಕಿದ್ರು. ಕಡೀಗೊಮ್ಮಿ ಮಖಾ ನೋಡಿ ಹೋಗೂಣಂತ ಬಂದೇವಿ."

ಆ ಅಣ್ಣ ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡಿದರು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದರು.

"ಅಂಥವ್ರು ಭಾಳ ಮಂದಿ ಬಂದಾರ," ಎಂದರು. "ಒಳಗ ನಡೀರಿ."